ನಾವೆಲ್ಲ ಒಂದೇ ಮನೆಯವರು

(ಶಿರಾಳಕೊಪ್ಪದ ರಸ್ತೆ ಬದಿ, ಮೋಲ್ಡ್ ಹಾಕುವ ಕೆಲಸ. ಶಿಕಾರಿಪುರದ ಮೇಸ್ತ್ರಿ, ಸೊರಬ ಕಡೆಯ ಗಾರೆ ಕೆಲಸದಾಕೆ.)

ಮೇಸ್ತ್ರಿ: ಬಾರಕ್ಕ, ಹೊಸ ಬೋರ್ಡ್ ನೋಡು. ‘ಇಲ್ಲಿ ಎಲ್ಲರೂ ಸಮಾನರು.’

ಅಕ್ಕ: ಚಲೋ ಆತು ಬಿಡ್ರಿ. ಶನಿವಾರದ ಬಟವಾಡೆನೂ ಸಮಾನ ಅಲ್ರಿ?

ಮೇಸ್ತ್ರಿ: ಗಂಡಾಳಿನ ಲೆಕ್ಕ ಬೇರೆ, ಹೆಣ್ಣಾಳಿನ ಲೆಕ್ಕ ಬೇರೆ.

ಅಕ್ಕ: ಬಾಂಡ್ಲಿ ಒಂದೇ ಅಳತೇದು. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿದ್ದು ಬಾಂಡ್ಲಿಗೆ ಮಾತ್ರ ಗೊತ್ತಾಗೈತಿ. ಹೋಗ್ಲಿ, ಕಕ್ಕಸು ಎಲ್ಲೈತಿ?

ಮೇಸ್ತ್ರಿ: ಮೆಕ್ಕೆಜೋಳ ಆಳೆತ್ತರ ಬೆಳೆದೈತಲ್ಲ!

ಅಕ್ಕ: ಕಟಾವಾದ ಮೇಲೆ?

ಮೇಸ್ತ್ರಿ: ಅಷ್ಟೊತ್ತಿಗೆ ಮೋಲ್ಡ್ ಮುಗಿದಿರ್ತೈತಿ.

ಅಕ್ಕ: ಕೆಲಸದ ಜಾಗದಾಗೆ ಕಕ್ಕಸು ಇರಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆನೇ ಹೇಳಿತ್ತು. ಕೂಸು ಮಲಗಿಸೋಕೆ ಕೋಣೆನೂ...

ಮೇಸ್ತ್ರಿ: ತಡಿ! ಅದು ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ರೆ. ನೀವು ಏಳೇ ಜನ.

ಅಕ್ಕ: ಅಂದ್ರೆ ಕಕ್ಕಸಿನ ಪುಟ ಹಾರಿಸಿ ಕೂಸಿನ ಪುಟ ಓದೀರಿ. ಇರ್ಲಿ, ಈ ಅರ್ಜಿಗೆ ಸಹಿ ಹಾಕ್ರಿ. ವರ್ಷದಾಗೆ 90 ದಿನ ದುಡಿದೀನಿ ಅಂದ್ರೆ ಕಲ್ಯಾಣ ಮಂಡಳಿ ಕಾರ್ಡ್ ಕೊಡ್ತೈತಿ.

ಮೇಸ್ತ್ರಿ: ನಿಂಗ್ಯಾಕಕ್ಕ ಕಾರ್ಡು?

ಅಕ್ಕ: ಗಾರೆ ಮುಟ್ಟದ ನಿಮ್ಮ ಭಾವಮೈದನ ಹತ್ರ ಐತಲ್ರಿ, ಅದಕ್ಕೆ.

ಮೇಸ್ತ್ರಿ: ಅವನು ಮನೆಯವನು! ಹಂಗ್ ನೋಡಿದ್ರೆ ನಾವೆಲ್ಲ ಒಂದೇ ಮನೆಯವರು. ಮನೆಯವರ ಮಧ್ಯೆ ಎಂಥ ಸಹಿ?

ಅಕ್ಕ: ಒಂದೇ ಮನೆ ಅಂದ್ರೆ ಆಸ್ತಿಯಾಗೆ ಪಾಲೂ ಬರ್ತೈತಿ. ಸಹಿ ಹಾಕ್ತೀರೋ, ಪಾಲು ಕೊಡ್ತೀರೋ?

ಮೇಸ್ತ್ರಿ: ಲೇ ಹುಡುಗಾ, ಪೆನ್ನು ತಾರೋ!