ರಿಬೇಟಿನ ಅಂಗಿ

ಅಂಗಿ ಖಾದಿಯದೇ ಆಗಬೇಕು, ದರ ಮಾತ್ರ ಸಂತೆಯದಿರಬೇಕು. ಇದು ನನ್ನ ಜಾಯಮಾನ. ಹೀಗಾಗಿ ಕೆಲಗೇರಿಯ ನಮ್ಮ ಮನೆಗೆ ದೀಪಾವಳಿ ಅಕ್ಟೋಬರ್ 2ಕ್ಕೇ, ಗಾಂಧಿ ಜಯಂತಿಯ ರಿಬೇಟಿನೊಂದಿಗೆ ಬಂದುಬಿಡುತ್ತದೆ. ಅಲ್ಲಿತನಕ ಹಳೇ ಅಂಗಿಯ ಕಾಲರ್ ತಿರುವಿ ಹೊಲಿಸಿಕೊಂಡು ಕೆರೆ ದಂಡೆಯ ಮೇಲೆ ಠೀವಿಯಿಂದ ವಾಕಿಂಗು.

ಅಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತೇನೆ, ಎಳೆ ಜಗ್ಗುತ್ತೇನೆ, ಮೂಸಿಯೂ ನೋಡುತ್ತೇನೆ. ಮೂಸಿದರೆ ನನಗೇನೂ ತಿಳಿಯುವುದಿಲ್ಲ, ಆದರೆ ಅಂಗಡಿಯವನಿಗೆ ಸ್ವಲ್ಪ ಅಂಜಿಕೆಯಾಗುತ್ತದೆ.

“ಗರಗದ ಖಾದಿರೀ ಸಾಹೇಬ್ರ, ರಾಷ್ಟ್ರಧ್ವಜದ ಬಟ್ಟೀನೂ ಅಲ್ಲೇ ನೇಯತಾರ.”

“ಧ್ವಜಾ ಬರೇ ಹಾರತೈತಿ ತಮ್ಮಾ, ನಾ ಸಿಟಿ ಬಸ್ಸಿನ್ಯಾಗ ಜೋತಾಡಾಂವ. ತಾಳತೈತೇನು?”

ಅವನು ಮಾತಾಡದೆ ಬಿಲ್ ಬರೆಯತೊಡಗಿದ. ಉಳಿಸಿದ ದುಡ್ಡಿಗೆ ಕಾಲು ಕಿಲೋ ಧಾರವಾಡ ಪೇಢೆ ಕಟ್ಟಿಸಿದೆ. ಪೇಢೆಯಲ್ಲಿ ನಾನು ಚೌಕಾಸಿ ಮಾಡುವವನಲ್ಲ. ತಕ್ಕಡಿಯನ್ನಷ್ಟೇ ಕಣ್ಣು ಪಿಳುಕಿಸದೆ ನೋಡುತ್ತೇನೆ.