ಕಸೂತಿಯಂತ್ರಾಗಮ ಮೀಮಾಂಸೆ

ಮಂಗಳಾಚರಣೆಯನ್ನು ಸಂಕ್ಷೇಪಿಸಲಾಗಿದೆ, ಕರೆಂಟು ಯಾವಾಗ ಹೋಗುವುದೋ ತಿಳಿಯದು.

ರಾಯದುರ್ಗ, ಮಡಕಶಿರ ಸೀಮೆಯ ಒಂದು ಸಾಧಾರಣ ಮನೆಗೆ ದುಬಾರಿ ಕಂಪ್ಯೂಟರ್ ಹೊಲಿಗೆ-ಕಸೂತಿ ಮಷೀನು ಬಂದರೆ ಆ ಮನೆಯ ಹೊಲಿಗೆಯ ಗತಿ ಏನಾಗುತ್ತದೆ ಎಂಬುದು ಪ್ರಸ್ತುತ ಪ್ರಬಂಧದ ವಿಷಯ. ಪೂರ್ವಸೂರಿಗಳು ಯಾರೂ ಇದನ್ನು ಮುಟ್ಟಿಲ್ಲ. ಮುಟ್ಟಲು ಮನೆಯವರು ಬಿಟ್ಟಿರಲಿಕ್ಕಿಲ್ಲ. ವಿದ್ವತ್ ಪ್ರಬಂಧದಲ್ಲಿ ಸಿದ್ಧಾಂತವನ್ನು ಕೊನೆಯತನಕ ಬಚ್ಚಿಡುವುದು ವಾಡಿಕೆ. ಆದರೆ ಅಲ್ಲಿಯತನಕ ಓದುವವರು ಕಡಿಮೆಯಾದ್ದರಿಂದ ಸೂತ್ರವನ್ನು ಇಲ್ಲೇ ಕೊಡುತ್ತೇವೆ: ಮಷೀನಿಗೆ ಬರುವ ಹೊಲಿಗೆಗಳು ಹೆಚ್ಚಿದಷ್ಟೂ ಮನೆಯಲ್ಲಿ ಆಗುವ ಹೊಲಿಗೆ ಕಡಿಮೆ.

ಮೊದಲು ದೇಶವಿಚಾರ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಮೇಲೆ ಕತ್ತರಿ ಆಡಿತು. ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು, ಮಿಕ್ಕವು ಮೈಸೂರಿಗೆ ಬಂದವು. ಕತ್ತರಿಸಿದವರು ಅಂಚು ಮಡಿಸಿ ಹೊಲಿಯುವುದನ್ನು ಮರೆತದ್ದರಿಂದ ಎಳೆಗಳು ಇನ್ನೂ ಬಿಟ್ಟುಕೊಂಡೇ ಇವೆ. ಬಸ್ಸು, ಬೀಗತನ, ಜೀನ್ಸ್ ಪ್ಯಾಂಟಿನ ಗಂಟು ಎಲ್ಲವೂ ಆ ಸಂದಿಯಲ್ಲೇ ಓಡಾಡುತ್ತವೆ. ಮಡಕಶಿರವಂತೂ ಮೂರು ಕಡೆ ಕರ್ನಾಟಕವನ್ನೇ ಹೊದ್ದುಕೊಂಡ ಊರು. 2022ರ ಏಪ್ರಿಲ್‌ನಲ್ಲಿ ಅದನ್ನು ಶ್ರೀ ಸತ್ಯಸಾಯಿ ಜಿಲ್ಲೆಗೆ ಹಾಕಿದ ಮೇಲೆ ಎರಡೂ ಊರು ಒಂದೇ ಜಿಲ್ಲೆಯಲ್ಲೂ ಇಲ್ಲ. ಅಕ್ಕನನ್ನು ರಾಯದುರ್ಗಕ್ಕೂ ತಂಗಿಯನ್ನು ಮಡಕಶಿರಕ್ಕೂ ಕೊಟ್ಟ ಮನೆತನಗಳಿವೆ. ಪ್ರಬಂಧಕ್ಕೆ ಅಷ್ಟು ಸಂಬಂಧ ಸಾಕು.

ರಾಯದುರ್ಗದಲ್ಲಿ ಹೊಲಿಗೆ ಮಷೀನಿಗೇನೂ ಬರಗಾಲವಿಲ್ಲ. ಬಳ್ಳಾರಿಯಂತೆಯೇ ಅದೂ ಜೀನ್ಸಿನ ಊರು. ಅಲ್ಲಿನ ಶೆಡ್ಡುಗಳಲ್ಲಿ ಒಬ್ಬ ಬೆಳಗಿನಿಂದ ಸಂಜೆಯವರೆಗೆ ಜೇಬನ್ನೇ ಕೂರಿಸುತ್ತಾನೆ, ಒಬ್ಬಳು ಬೆಲ್ಟಿನ ಲೂಪನ್ನೇ ಹಚ್ಚುತ್ತಾಳೆ. ಕಾಜಾಕ್ಕೆ ಬೇರೆ ಮಷೀನು, ಬಾರ್ಟ್ಯಾಕಿಗೆ ಬೇರೆ, ಓವರ್‌ಲಾಕಿಗೆ ಬೇರೆ. ಜೂಕಿ ಎಂಬ ಶೆಡ್ಡಿನ ಮಷೀನಿಗೆ ನೆಟ್ಟಗೆ ಓಡುವುದೊಂದನ್ನು ಬಿಟ್ಟು ಏನೂ ಬಾರದು; ಓಡಿಸುವವರಿಗೆ ಕೂಲಿ ಪೀಸಿನ ಲೆಕ್ಕದಲ್ಲಿ. ಇದು ಏಕಹೊಲಿಗೆಯ ಮತ. ಅದೇ ಬೀದಿಯಲ್ಲಿ ಮಾಳಿಗೆ ಮನೆಯ ಹಾಲಿನಲ್ಲಿ, ಟಿವಿಗೆ ಎದುರಾಗಿ, ಬಹುಹೊಲಿಗೆಯ ಮತ ಸ್ಥಾಪನೆಯಾಗಿದೆ. ಇನ್ನೂರು ಬಗೆಯ ಹೊಲಿಗೆ, ಬೆರಳಿಟ್ಟರೆ ಬೆಳಗುವ ಪರದೆ, ತಾನೇ ದಾರ ಕತ್ತರಿಸುವ ಕತ್ತಿ. ಜೂಕಿ ಪ್ಯಾಂಟು ಹೊಲಿಯುತ್ತದೆ. ಇದು ಹೊಲಿಯಬಲ್ಲದು. ಈ ಎರಡು ಕ್ರಿಯಾಪದಗಳ ನಡುವಿನ ಕಂದರದಲ್ಲಿ ನಮ್ಮ ಸಂಶೋಧನೆ ನಡೆದಿದೆ.

ಇತಿಹಾಸವನ್ನು ಬೇಗ ಮುಗಿಸೋಣ. ಫ್ರಾನ್ಸಿನ ಥಿಮೋನಿಯೆ 1830ರಲ್ಲಿ ಹೊಲಿಗೆಯಂತ್ರಕ್ಕೆ ಪೇಟೆಂಟ್ ಪಡೆದ. ಮರುವರ್ಷವೇ ಪ್ಯಾರಿಸಿನ ದರ್ಜಿಗಳು ನುಗ್ಗಿ ಅವನ ಯಂತ್ರಗಳನ್ನು ಪುಡಿಗಟ್ಟಿದರು. 1846ರಲ್ಲಿ ಅಮೆರಿಕದ ಹೋವ್, 1851ರಲ್ಲಿ ಸಿಂಗರ್ ಪೇಟೆಂಟ್ ಪಡೆದರು. ಇವರೆಲ್ಲ ಸೂಜಿ, ದಾರ, ಗಾಲಿ ಎಂಬ ಸ್ಥೂಲ ವಿಷಯಗಳಲ್ಲಿ ಮುಳುಗಿದವರು. ಸೂಕ್ಷ್ಮವನ್ನು ಕಂಡವನು ಸಿಂಗರನ ಪಾಲುದಾರ ಎಡ್ವರ್ಡ್ ಕ್ಲಾರ್ಕ್: 1856ರಲ್ಲಿ ಮಷೀನನ್ನು ಕಂತಿನ ಮೇಲೆ ಕೊಡುವ ಪದ್ಧತಿ ತಂದ. ನಮ್ಮ ಸೀಮೆಯಲ್ಲಿ ಆಯುಧಪೂಜೆಯ ದಿನ ಮಷೀನಿಗೆ ಕುಂಕುಮ ಹಚ್ಚುವವರು ಈ ಪುಣ್ಯಾತ್ಮನ ಪಟವನ್ನೂ ಪಕ್ಕದಲ್ಲಿ ಇಡಬೇಕಿತ್ತು. ಯಂತ್ರಗಳನ್ನು ಅನುಮಾನದಿಂದ ನೋಡುತ್ತಿದ್ದ ಗಾಂಧೀಜಿ ಕೂಡ 1924ರಲ್ಲಿ ಹೊಲಿಗೆಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಪ್ರೀತಿಯಿಂದ ಕಟ್ಟಿದನೆಂಬುದು ಅವರ ವಾದ. ಹಲವು ಸಂಸಾರ ಹೂಡಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿಗೆ ತಂದೆಯಾದ ಆ ಮನುಷ್ಯ ಯಾವ ಹೆಂಡತಿಯ ದಣಿವನ್ನು ನೋಡಲಾರದೆ ಹೋದ ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇವೆ.

ಇನ್ನು ಅರ್ಥಶಾಸ್ತ್ರ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಒಬ್ಬ. ಉಪಕರಣಕ್ಕೆ 15,000 ರೂಪಾಯಿಯ ನೆರವುಂಟು. ನಮ್ಮ ಮಷೀನಿನ ಕಣ್ಣಲ್ಲಿ ಅದು ಫ್ರೇಮು, ದಾರದ ಖರ್ಚು. ಗಡಿಯಾಚೆ ಮೊಳಕಾಲ್ಮೂರಿನ ಚಿಕ್ಕಮ್ಮನ ಮಗಳಿಗೆ ಕರ್ನಾಟಕದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ತಿಂಗಳು ತಿಂಗಳು ಬರುತ್ತದೆ. ಈಚೆಯವಳಿಗೆ 1953ರ ಕೃಪೆಯಿಂದ ಬಾರದು. ಅವಳು ಡ್ವಾಕ್ರಾ ಸಂಘದ ಸಾಲ ಎತ್ತಬೇಕು, ಚೀಟಿ ಹಣ ಕೂಗಬೇಕು, ಮಿಕ್ಕದ್ದಕ್ಕೆ ಕಂತು ಕಟ್ಟಬೇಕು.

ಹೀಗೆ ಕೂಡಿಬಂದ ಬೆಲೆ ಎಷ್ಟು? ಶಂಕರಾಚಾರ್ಯರ ಸತ್ತಾತ್ರಯವನ್ನು ಇಲ್ಲಿ ಅನ್ವಯಿಸದೆ ಗತಿಯಿಲ್ಲ. ಅತ್ತೆಗೆ ಹೇಳುವುದು ಪ್ರಾತಿಭಾಸಿಕ ಬೆಲೆ: "ಆಫರ್‌ನಾಗೆ ಬಂತತ್ತೆ, ಹಳೇ ಮಷೀನಿನ ರೇಟೇ." ಗಂಡನಿಗೆ ಹೇಳುವುದು ವ್ಯಾವಹಾರಿಕ, ಅದರಲ್ಲಿ ಜಿಎಸ್‌ಟಿ ಸೇರಿರುವುದಿಲ್ಲ. ಪಾರಮಾರ್ಥಿಕವು ಬಿಲ್ಲಿನಲ್ಲಿದೆ, ಬಿಲ್ಲು ಬೀರುವಿನಲ್ಲಿ ಧಾರೆಸೀರೆಯ ಮಡಿಕೆಯೊಳಗಿದೆ, ಬೀರುವಿನ ಕೀಲಿ ಎಲ್ಲಿದೆಯೆಂಬುದು ಅನಿರ್ವಚನೀಯ. ಇವು ಮೂರನ್ನೂ ಮೀರಿದ ತುರೀಯವೊಂದುಂಟು: ಎದುರುಮನೆಯ ವಾರಗಿತ್ತಿಗೆ ಹೇಳುವ ಬೆಲೆ. ಅದು ಬಿಲ್ಲಿಗಿಂತ ಹೆಚ್ಚಿರುತ್ತದೆ.

"ಎಷ್ಟು ಬಿತ್ತಕ್ಕಾ?"

"ಆ ಮಾತೆಲ್ಲ ಈಗ್ಯಾಕವ್ವಾ, ಕಾಫಿ ಕುಡಿ."

ಹೀಗೆಂದು ಐದು ನಿಮಿಷ ಕಾಯಿಸಿ ಹೇಳಿದರೇ ಅದಕ್ಕೆ ತೂಕ.

ಶಾಸನಾಧಾರಕ್ಕಾಗಿ ನಾವು ಮಡಕಶಿರ ಕಡೆಯ ಹೇಮಾವತಿಗೆ ಹೋಗಬೇಕು. ಅದು ಹಿಂದಿನ ಹೆಂಜೇರು, ನೊಳಂಬರ ರಾಜಧಾನಿ. ನೊಳಂಬರ ಕುಶಲಿಗಳು ಕಲ್ಲಿನ ಕಂಬಕ್ಕೂ ಜಾಲಂಧ್ರಕ್ಕೂ ಬಳ್ಳಿ ಸುತ್ತಿಸಿದ ರೀತಿ ನೋಡಿದರೆ, ಇಂದು ಬ್ಲೌಸಿನ ಬೆನ್ನಿಗೆ ಬರುವ ಕಂಪ್ಯೂಟರ್ ವರ್ಕಿನ ಮೂಲ ಇದೇ ಎಂದು ಯಾವ ಪುರಾವೆಯೂ ಇಲ್ಲದೆ ಧೈರ್ಯವಾಗಿ ಹೇಳಬಹುದು. ಆ ಕಂಬಗಳು ಚೋಳರ ಕಣ್ಣಿಗೆ ಬಿದ್ದವು. ಕೆಲವು ಈಗಲೂ ತಮಿಳುನಾಡಿನ ತಿರುವಯ್ಯಾರಿನ ಗುಡಿಯಲ್ಲಿ ನಿಂತಿವೆ. ಡಿಸೈನು ಹಿಡಿಸಿತೆಂದು ಕಂಬವನ್ನೇ ಹೊತ್ತೊಯ್ಯುವ ಕಷ್ಟ ಈಗಿಲ್ಲ. ಜಪಾನಿನ ತಾಜಿಮಾ ಕಂಪನಿಯ ಮಷೀನುಗಳಿಂದ ಹಬ್ಬಿದ ಡಿಎಸ್‌ಟಿ ಎಂಬ ಫೈಲಿನಲ್ಲಿ ನವಿಲು, ಕಮಲ, ಆನೆ ಎಲ್ಲ ಮುದುರಿ ಕೂರುತ್ತವೆ. ಪೆನ್‌ಡ್ರೈವ್ ಸೊಂಟದ ಕೀಲಿಗೊಂಚಲಲ್ಲಿ ತೂಗುತ್ತದೆ. ಮಷೀನಿನ ಜೊತೆ ಬರುವ ವಾರಂಟಿ ಕಾರ್ಡೂ ದಾನಶಾಸನದ ಜಾತಿಯದೇ. ಕೊಟ್ಟವರು ಯಾರು, ಕೊಟ್ಟದ್ದೇನು, ಎಷ್ಟು ಕಾಲ ಎಂಬ ವಿವರ ಮುಗಿದ ಕೂಡಲೇ ಶಾಪಾಶಯ. ಹಳೆಯ ಶಾಸನದಲ್ಲಿ ದತ್ತಿ ಕೆಡಿಸಿದವನಿಗೆ ಕಾಶಿಯಲ್ಲಿ ಕವಿಲೆ ಕೊಂದ ಪಾಪ. ಇಲ್ಲಿ ಸ್ಕ್ರೂ ಬಿಚ್ಚಿದವನಿಗೆ ವಾರಂಟಿ ರದ್ದು. ಎರಡರಲ್ಲಿ ಜನ ಯಾವುದಕ್ಕೆ ಹೆಚ್ಚು ಹೆದರುತ್ತಾರೆಂಬುದು ಸ್ಪಷ್ಟ.

ಪ್ರಯೋಗಭಾಗ. ಮಗ್ಗಂ ವರ್ಕಿನವರು ಬಟ್ಟೆಯನ್ನು ಕಟ್ಟಿಗೆಯ ಚೌಕಟ್ಟಿಗೆ ಬಿಗಿದು, ಕೊಕ್ಕೆಸೂಜಿ ಹಿಡಿದು, ಕೈಯನ್ನು ಓಡಿಸುತ್ತಾರೆ. ಕಂಪ್ಯೂಟರ್ ಮಷೀನಿನಲ್ಲಿ ಸೂಜಿ ನಿಂತಲ್ಲೇ ಏಳುತ್ತದೆ, ಬೀಳುತ್ತದೆ. ಫ್ರೇಮು ಉದ್ದಕ್ಕೂ ಅಡ್ಡಕ್ಕೂ ಓಡುತ್ತದೆ. ಮಷೀನು ಕದಲದೆ ಮಿಕ್ಕದ್ದೆಲ್ಲ ಸರಿಯಬೇಕೆಂಬ ಈ ನ್ಯಾಯ ಮನೆಗೂ ಅನ್ವಯಿಸುತ್ತದೆ. ಮಷೀನು ಬಂದ ದಿನ ಮಂಚ ನಡುಮನೆಗೆ ಹೋಯಿತು, ಮಾವನವರು ಜಗಲಿಗೆ ಹೋದರು. ಕಾಲವನ್ನು ಹೀಗೆ ಲೆಕ್ಕ ಹಾಕಬೇಕು: ನಲವತ್ತು ಸಾವಿರ ಹೊಲಿಗೆಯ ನವಿಲು, ನಿಮಿಷಕ್ಕೆ ಎಂಟುನೂರರಂತೆ ಓಡಿದರೆ 50 ನಿಮಿಷ. ಒಂಟಿ ಸೂಜಿಯಾದ್ದರಿಂದ ಬಣ್ಣ ಬದಲಾದಾಗಲೆಲ್ಲ ಅದು ನಿಂತು ಪಿಳಿಪಿಳಿ ಕಣ್ಣು ಬಿಡುತ್ತದೆ; ನೀಲಿ ತೆಗೆದು ಹಸಿರು ಏರಿಸಬೇಕು. ಕತ್ತಿನ ತನಕ ಬಂದಾಗ ದಾರ ಕಡಿಯುತ್ತದೆ. ರೆಕ್ಕೆಗೆ ಬಂದಾಗ ಬಾಬಿನ್ ಮುಗಿಯುತ್ತದೆ. "ಇಷ್ಟೊತ್ತಿಗೆ ಮೂರು ದಿಂಬಿನ ಕವರು ಆಗ್ತಿದ್ದವು" ಎಂಬುದು ಜಗಲಿಯಿಂದ ಬಂದ ಪೂರ್ವಪಕ್ಷ.

ಮುಗಿದ ನವಿಲನ್ನು ವಿಮರ್ಶಿಸುವ ಹೆಂಗಸರು ಮುಂಬದಿಯನ್ನು ನೋಡುವುದಿಲ್ಲ, ಥಟ್ಟನೆ ಬಟ್ಟೆ ಮಗುಚುತ್ತಾರೆ. ಅವರ ಶಾಸ್ತ್ರ ಗಟ್ಟಿಯಾದದ್ದು. ತುಂಬು ಹೊಲಿಗೆಯ ಎಲೆಯ ಹಿಂಭಾಗದಲ್ಲಿ ಬಾಬಿನ್ನಿನ ಬಿಳಿ ದಾರ ನಡುವೆ ಮೂರನೇ ಒಂದು ಪಾಲಿನಷ್ಟು ಪಟ್ಟಿಯಾಗಿ ಕಾಣಬೇಕು, ಅದರ ಎರಡೂ ಮಗ್ಗುಲಿಗೆ ಬಣ್ಣ. ಬಿಳಿ ಮುಂಬದಿಗೆ ಇಣುಕಿದರೆ ಮೇಲಿನ ದಾರ ಬಿಗಿಯಾಗಿದೆ; ಹಿಂಬದಿ ಪೂರಾ ಬಣ್ಣವೇ ಆದರೆ ಸಡಿಲವಾಗಿದೆ. ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧಗಳನ್ನು ಹೀಗೆ ಮಗುಚಿ ನೋಡುವವರು ಇಲ್ಲದಿರುವುದು ನಮ್ಮಂಥವರ ಅದೃಷ್ಟ.

ಲಿಪಿಸಮಸ್ಯೆಯೊಂದು ಬಾಕಿ ಇದೆ. ಮದುವೆಯ ಬ್ಲೌಸಿನ ಬೆನ್ನಿಗೆ ಗಂಡುಹೆಣ್ಣಿನ ಹೆಸರು ಬೇಕು. ಮಷೀನಿನೊಳಗಿರುವ ಅಕ್ಷರಗಳು ಇಂಗ್ಲಿಷಿನವು. ಕನ್ನಡವನ್ನು ಡಿಸೈನು ಮಾಡುವ ಹುಡುಗರಿಂದ ಫೈಲು ಮಾಡಿಸಬೇಕು. ಹೆಣ್ಣು ಮಡಕಶಿರದ ಕನ್ನಡ ಮನೆಯವಳು, ಗಂಡು ಕಲ್ಯಾಣದುರ್ಗದ ತೆಲುಗಿನವನು ಎಂದಿಟ್ಟುಕೊಳ್ಳಿ. ಬಹಳಷ್ಟು ಅಕ್ಷರಗಳಿಗೆ ಮೈ ಒಂದೇ, ತಲೆಕಟ್ಟು ಬೇರೆ. ಕನ್ನಡದ ಅಡ್ಡಗೆರೆ ಕಿತ್ತು ತೆಲುಗಿನ ಟಿಕ್ ಮಾರ್ಕು ಹಾಕಿದರೆ ಅರ್ಧ ಕೆಲಸ ಮುಗಿಯಿತು. ಬಳ್ಳಾರಿ ಯಾರದೆಂದು ತೀರ್ಮಾನಿಸಲು ನ್ಯಾಯಮೂರ್ತಿ ಮಿಶ್ರಾ ಆಯೋಗ ಕೂರಬೇಕಾಯಿತು. ಇಲ್ಲಿ ಎರಡು ಮಿಲಿಮೀಟರು ದಾರ ಸಾಕು.

ಸೂತ್ರದ ಪರೀಕ್ಷೆ. ಇನ್ನೂರು ಹೊಲಿಗೆಗಳಲ್ಲಿ ಬಳಕೆಗೆ ಬಂದವು ಎರಡು, ನೇರ ಹೊಲಿಗೆ ಮತ್ತು ಜಿಗ್‌ಜಾಗ್. ನವಿಲು ಒಂದು, ಅದೂ ಮಾದರಿಗೆಂದು ಕರ್ಚೀಫಿನ ಮೇಲೆ. ಆಮೇಲೆ ಮಷೀನಿಗೆ ಕವರು ಬಂತು, ಕವರಿನ ಮೇಲೆ ಕಸೂತಿ ಟವೆಲ್ಲು ಬಂತು. ಟವೆಲ್ಲಿನ ಕಸೂತಿ ಕೈಯದು. ಬೀದಿಯವರು ಮಾತ್ರ ಬರುವುದನ್ನು ಬಿಟ್ಟಿಲ್ಲ. "ಅಕ್ಕಾ, ಇದಕ್ಕೊಂದು ಫಾಲ್ ಹಾಕ್ಕೊಡು, ಹೆಂಗೂ ಹೊಸಾ ಮಷೀನ್ ಐತಲ್ಲ." ದುಡ್ಡಿನ ಪ್ರಸ್ತಾಪ ಈ ವಾಕ್ಯದಲ್ಲಿ ಎಲ್ಲೂ ಇಲ್ಲ ಎಂಬುದನ್ನು ವೈಯಾಕರಣರು ಗಮನಿಸಬೇಕು. ಫಾಲ್ ಹಾಕಲು ತವರಿನಿಂದ ಬಂದ ಹಳೆಯ ಕಾಲುಮಷೀನೇ ಸಾಕಲ್ಲವೇ, ಅದಕ್ಕೆ ಕರೆಂಟೂ ಬೇಡವಲ್ಲ ಎಂದು ಕೇಳುವವರಿಗೆ ಸಮಾಧಾನ: ಸಾಕು. ಆದರೆ ಅದರ ಮೇಲೆ ಹೊಸ ಮಷೀನಿನ ಡಬ್ಬವನ್ನು ಥರ್ಮೋಕೋಲ್ ಸಮೇತ ಇಡಲಾಗಿದೆ. ಕಂತು ಮುಗಿಯುವ ತನಕ ತೆಗೆಯುವಂತಿಲ್ಲ.