ಒಲ್ಲೆ ಎನ್ನದ ಕರ್ನಲ್

ಹಾವೇರಿ, ರಾಣೆಬೆನ್ನೂರಿನ ಎಂಜಿನಿಯರಿಂಗ್ ಕಾಲೇಜುಗಳಿಗೆ ನನ್ನದೊಂದು ಬಿಟ್ಟಿ ಸಲಹೆ: ಮೆಮೊರಿ ಹಂಚಿಕೆಯ ಪಾಠ ಬಂದ ದಿನ ಪುಸ್ತಕ ಮುಚ್ಚಿ, ಹುಡುಗರನ್ನು ಬ್ಯಾಡಗಿ ಬಸ್ಸು ಹತ್ತಿಸಿ. ಸೋಮವಾರವೋ ಗುರುವಾರವೋ ಆದರೆ ಒಳ್ಳೇದು, ಮೆಣಸಿನಕಾಯಿ ಟೆಂಡರ್ ಇರುತ್ತದೆ.

ಪಾಠ ಇಷ್ಟೇ: ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಬಲು ಧಾರಾಳಿ. ಯಂತ್ರದಲ್ಲಿರುವುದು 8 ಜಿಬಿ. ನಾಲ್ಕು ಪ್ರೋಗ್ರಾಮುಗಳು ತಲಾ 4 ಜಿಬಿ ಕೇಳಿದರೆ ನಾಲ್ಕಕ್ಕೂ ‘ಆಗ್ಲಿ, ತಗೋರಿ’ ಎನ್ನುತ್ತದೆ. ಕೊಟ್ಟಿದ್ದು ಬರೀ ಮಾತು. ನಿಜವಾದ ಜಾಗ ಹುಡುಕುವುದು ಪ್ರೋಗ್ರಾಮು ಅಲ್ಲಿ ಬರೆಯಲು ಹೋದಾಗಲೇ. ಈ ಧಾರಾಳಕ್ಕೆ ‘ಓವರ್‌ಕಮಿಟ್’ ಎಂಬ ಗುಂಡಿಯಿದೆ. 0 ಇಟ್ಟರೆ ತೀರಾ ಹುಚ್ಚು ಬೇಡಿಕೆಗೆ ಮಾತ್ರ ಇಲ್ಲ. 1 ಇಟ್ಟರೆ ಎಲ್ಲಕ್ಕೂ ಹೂಂ. 2 ಇಟ್ಟರೆ ಲೆಕ್ಕ: ಸ್ವಾಪ್ (ಡಿಸ್ಕಿನಲ್ಲಿನ ಹೆಚ್ಚುವರಿ ಜಾಗ) ಪೂರ್ತಿ, ರ‍್ಯಾಮಿನಲ್ಲಿ ನೂರಕ್ಕೆ 50, ಅದರಾಚೆ ಒಂದು ಪುಟವೂ ಇಲ್ಲ. ಡೇಟಾಬೇಸುಗಳ ಪೈಕಿ ರೆಡಿಸ್‌ನವರು 1 ಇಡಿ ಎನ್ನುತ್ತಾರೆ, ಪೋಸ್ಟ್‌ಗ್ರೆಸ್‌ನವರು 2 ಎನ್ನುತ್ತಾರೆ. ಕರ್ನಲ್ ಮಾತ್ರ ಹುಟ್ಟಿನಿಂದ 0. ಲೆಕ್ಕ ಇಡುವ ಗೋಜು ಯಾರಿಗೆ ಬೇಕು?

ಬ್ಯಾಡಗಿ ಯಾರ್ಡಿನ ಗೇಟಿಗೂ ಒಲ್ಲೆ ಅನ್ನಲು ಬರುವುದಿಲ್ಲ. ಸುಗ್ಗಿಯಲ್ಲಿ ಬಳ್ಳಾರಿಯಿಂದ, ಆಂಧ್ರದಿಂದ ಲಾರಿ ಮೇಲೆ ಲಾರಿ, ಎಲ್ಲರಿಗೂ ಬರ್ರಿ ಬರ್ರಿ. ಮಿಕ್ಕಿದ್ದು ಕೋಲ್ಡ್ ಸ್ಟೋರೇಜಿಗೆ, ಅಂದರೆ ಸ್ವಾಪಿಗೆ. ಹಾಕುವುದು ಸುಲಭ, ತೆಗೆಯುವುದು ನಿಧಾನ, ಬಾಡಿಗೆ ರೈತನದು. 2024ರ ಮಾರ್ಚ್ 11ರಂದು ಮಾತಿಗೂ ಸರಕಿಗೂ ತಾಳೆ ಬೀಳಲಿಲ್ಲ. ದರ ಕುಸಿಯಿತು, ರೈತರು ರೊಚ್ಚಿಗೆದ್ದರು, ಎಪಿಎಂಸಿ ಕಚೇರಿಗೆ ಕಲ್ಲು ಬಿದ್ದವು, ವಾಹನಗಳು ಉರಿದವು. ಬೆಂಕಿ ಹಚ್ಚಿದ್ದು ಸರಿಯೆಂದು ಯಾರೂ ಹೇಳರು. ಆದರೆ ಆಮೇಲೆ ಕೇಸು, ಬಂಧನ ಯಾವ ದಿಕ್ಕಿಗೆ ಹರಿದವು ಎಂಬುದನ್ನು ಹುಡುಗರು ನೋಟ್ಸಿನಲ್ಲಿ ಬರೆದುಕೊಳ್ಳಲಿ.

ಏಕೆಂದರೆ ಕರ್ನಲ್ಲಿಗೂ ಒಬ್ಬ ಪೊಲೀಸನಿದ್ದಾನೆ: ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್. ಮೆಮೊರಿ ಮುಗಿದಾಗ ಎದ್ದು ಬಂದು ಎಲ್ಲರಿಗೂ ಅಂಕ ಹಾಕುತ್ತಾನೆ. ಹೆಚ್ಚು ಮೆಮೊರಿ ಹಿಡಿದವನಿಗೆ ಹೆಚ್ಚು ಅಂಕ, ಅವನೇ ಬಲಿ. ಸಾಮಾನ್ಯವಾಗಿ ಅದು ಇಡೀ ದಿನ ದುಡಿಯುತ್ತಿದ್ದ ಡೇಟಾಬೇಸು. ವಶೀಲಿ ಇದ್ದವರು ಅಂಕಕ್ಕೆ ಮೈನಸ್ 1000 ಬರೆಸಿಕೊಂಡಿರುತ್ತಾರೆ, ಅವರನ್ನು ಮುಟ್ಟುವಂತಿಲ್ಲ. ಕೊನೆಯ ತುತ್ತು ಕೇಳಿದವನನ್ನೇ ಹಿಡಿಯುವ ಗುಂಡಿಯೂ ಇದೆ, ಅದು ಬಂದ್ ಇರುತ್ತದೆ. ಕೆಲಸ ಮುಗಿದ ಮೇಲೆ ಲಾಗಿನಲ್ಲಿ ಒಂದು ಪಂಚನಾಮೆ: ಸತ್ತವನ ಹೆಸರು, ನಂಬರು, ಅವನು ತಿಂದ ಮೆಮೊರಿ ಎಷ್ಟು ಕಿಲೋಬೈಟು. 8 ಇಟ್ಟುಕೊಂಡು 16ಕ್ಕೆ ಹೂಂ ಅಂದವನ ಹೆಸರಿಗೆ ಅದರಲ್ಲಿ ಕಾಲಮ್ಮೇ ಇಲ್ಲ.